ಚಾರಣಕ್ಕೆ ಹೊರಡುವ ಮುನ್ನ: ಕುರಂಗಣಿಯ ಬೆಂಕಿ ಕಲಿಸಿದ ಪಾಠ

ಅಂದು 2018ರ ಮಾರ್ಚ್ 11, ಭಾನುವಾರ. ಸಂಜೆಯ ಹೊತ್ತಿಗೆ ಟಿ.ವಿ. ವಾಹಿನಿಗಳಲ್ಲಿ ಸುದ್ದಿಯೊಂದು ಹರಿದಾಡತೊಡಗಿತು. ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಕಾಡಿಗೆ ಚಾರಣಕ್ಕೆ ತೆರಳಿದ್ದ ವಿದ್ಯಾರ್ಥಿಗಳ ತಂಡ ಕಾಳ್ಗಿಚ್ಚಿನ ನಡುವೆ ಸಿಲುಕಿದೆ ಎಂಬುದೇ ಆ ಸುದ್ದಿ. ಅಂದಿನ ರಕ್ಷಣಾ ಸಚಿವೆ ನಿರ್ಮಲಾ ಸೀತಾರಾಮನ್ ಅವರು ನೆರವಿಗೆ ಧಾವಿಸುವಂತೆ ವಾಯುಪಡೆಗೆ ಸೂಚಿಸಿರುವುದನ್ನು ಪ್ರಕಟಿಸಿದಾಗಲೂ, ಸಿಲುಕಿದವರು 20 ಮಂದಿ ವಿದ್ಯಾರ್ಥಿಗಳೆಂದೇ ತಿಳಿಸಿದ್ದರು. ದೂರದೂರಿನಲ್ಲಿ ಮಕ್ಕಳನ್ನು ಓದಲು ಬಿಟ್ಟಿದ್ದ ಅದೆಷ್ಟು ಮನೆಗಳಲ್ಲಿ ಆ ಸಂಜೆ ಎದೆ ಬಡಿತ ಹೆಚ್ಚಿತ್ತೋ ಬಲ್ಲವರಾರು?

ರಾತ್ರಿ ಕಳೆದು ಬೆಳಕು ಹರಿದಾಗ ಚಿತ್ರ ಸ್ಪಷ್ಟವಾಯಿತು. ಅಲ್ಲಿದ್ದುದು ಒಂದಲ್ಲ, ಎರಡು ತಂಡಗಳು. ವಿದ್ಯಾರ್ಥಿಗಳೂ ಇದ್ದರಾದರೂ ಹೆಚ್ಚಿನವರು ಉದ್ಯೋಗದಲ್ಲಿದ್ದ ಯುವಕ ಯುವತಿಯರು. ಸಿಲುಕಿದವರು 20 ಮಂದಿಯಲ್ಲ, ಅದಕ್ಕಿಂತ ಬಹಳ ಹೆಚ್ಚು. ಒಂಬತ್ತು ಮಂದಿ ಬೆಟ್ಟದಲ್ಲಿಯೇ ಕೊನೆಯುಸಿರೆಳೆದಿದ್ದರು. ತೀವ್ರ ಸುಟ್ಟಗಾಯಗಳಿಂದ ಆಸ್ಪತ್ರೆ ಸೇರಿದ ಇನ್ನೂ ಹಲವರು ಮುಂದಿನ ದಿನಗಳಲ್ಲಿ ಒಬ್ಬರ ಹಿಂದೊಬ್ಬರಂತೆ ಅಸುನೀಗಿದರು. ಕೊನೆಗೆ ಸತ್ತವರ ಸಂಖ್ಯೆ 23ಕ್ಕೆ ಮುಟ್ಟಿತು.

ಕಾಡಿನೊಳಗೆ ಯಾರಿದ್ದಾರೆ, ಎಷ್ಟು ಜನರಿದ್ದಾರೆ, ಯಾವ ದಾರಿಯಲ್ಲಿದ್ದಾರೆ ಎಂಬ ಮೂರು ಸರಳ ಪ್ರಶ್ನೆಗಳಿಗೆ ಮೊದಲ ಕೆಲವು ಗಂಟೆಗಳ ಕಾಲ ಖಚಿತ ಉತ್ತರವಿರಲಿಲ್ಲ. ಚಾರಣವೊಂದು ಹೇಗೆ ದಾರಿ ತಪ್ಪುತ್ತದೆ ಎಂಬುದನ್ನು ಅರಿಯಬೇಕಾದರೆ ಬೆಂಕಿಗಿಂತ ಮೊದಲು ಈ ಪ್ರಶ್ನೆಗಳತ್ತಲೇ ನೋಡಬೇಕಾಗುತ್ತದೆ.

ಎರಡು ತಂಡ, ಒಂದೇ ಇಳಿಜಾರು

ಕುರಂಗಣಿಯು ಬೋಡಿನಾಯಕನೂರಿನ ಸಮೀಪ, ಪಶ್ಚಿಮ ಘಟ್ಟದ ಬುಡದಲ್ಲಿರುವ ಚಿಕ್ಕ ಊರು. ಅಲ್ಲಿಂದ ಮೇಲೇರಿದರೆ ಕೇರಳದ ಗಡಿ. ಗಡಿಯಾಚೆ ಮುನ್ನಾರಿನ ಚಹಾ ತೋಟಗಳು. ಸಮುದ್ರ ಮಟ್ಟದಿಂದ 7,000 ಅಡಿಗೂ ಎತ್ತರದಲ್ಲಿರುವ ಕೊಳುಕ್ಕುಮಲೈ ಚಹಾ ತೋಟವು ಸೂರ್ಯೋದಯಕ್ಕೆ ಹೆಸರಾದ ತಾಣ. ಚೆನ್ನೈನಿಂದ ಬಂದಿದ್ದ ತಂಡ ಶನಿವಾರ ಕುರಂಗಣಿಯಿಂದ ಹತ್ತಿ, ಮೇಲೆ ರಾತ್ರಿ ಕಳೆದು, ಭಾನುವಾರ ಇಳಿಯುತ್ತಿತ್ತು. ಈ ತಂಡದಲ್ಲಿ ಮಹಿಳೆಯರೇ ಹೆಚ್ಚಿನವರು. ಈರೋಡು ಮತ್ತು ತಿರುಪ್ಪೂರು ಕಡೆಯಿಂದ ಬಂದಿದ್ದ ಇನ್ನೊಂದು ಚಿಕ್ಕ ತಂಡವೂ ಅದೇ ಬೆಟ್ಟದಲ್ಲಿತ್ತು.

ಮಧ್ಯಾಹ್ನ ಕಳೆದ ಮೇಲೆ ಇಳಿಯುವ ದಾರಿಯಲ್ಲಿ ಹೊಗೆ ಕಾಣಿಸಿತು. ನೋಡನೋಡುತ್ತಿದ್ದಂತೆ ಒಣಗಿ ನಿಂತಿದ್ದ ಹುಲ್ಲಿಗೆ ಬೆಂಕಿ ಹಬ್ಬಿತು. ತಂಡ ಚೆದುರಿತು. ಕೆಲವರು ಬಂದ ದಾರಿಯಲ್ಲೇ ಮೇಲಕ್ಕೆ ಓಡಿದರು, ಕೆಲವರು ಪಕ್ಕಕ್ಕೆ ಓಡಿದರು, ಕೆಲವರು ಕಣಿವೆಯತ್ತ ಇಳಿದು ಸಿಲುಕಿಕೊಂಡರು. ಮೊದಲು ನೆರವಿಗೆ ಬಂದವರು ಸುತ್ತಲಿನ ಹಳ್ಳಿಯ ಜನ ಮತ್ತು ತೋಟದ ಕಾರ್ಮಿಕರು. ಕತ್ತಲೆಯಲ್ಲಿ, ವಾಹನ ಬಾರದ ಕಡಿದಾದ ದಾರಿಯಲ್ಲಿ, ಕಂಬಳಿ ಬಟ್ಟೆಗಳನ್ನೇ ಡೋಲಿಯಾಗಿಸಿ ಗಾಯಾಳುಗಳನ್ನು ಹೊತ್ತು ತಂದವರು ಅವರು. ಪೊಲೀಸರು, ಅಗ್ನಿಶಾಮಕ ಸಿಬ್ಬಂದಿ, ಅರಣ್ಯ ಸಿಬ್ಬಂದಿ, ಬಳಿಕ ವಾಯುಪಡೆಯ ಹೆಲಿಕಾಪ್ಟರ್‌ಗಳು ಮತ್ತು ಗರುಡ ಕಮಾಂಡೋಗಳು ಕೈಜೋಡಿಸಿದರು. ಆದರೆ ಸುಟ್ಟಗಾಯದ ವಿಷಯದಲ್ಲಿ ಕಳೆದುಹೋದ ಗಂಟೆಗಳನ್ನು ಯಾವ ಹೆಲಿಕಾಪ್ಟರೂ ಮರಳಿ ತರಲಾರದು.

ಬೆಂಕಿ ಏಕೆ ಮೇಲಕ್ಕೆ ಓಡುತ್ತದೆ?

ಬಯಲಿನಲ್ಲಿ ಬೆಳೆದವರಿಗೆ ಬೆಂಕಿಯೆಂದರೆ ದೂರದಿಂದ ನಿಧಾನವಾಗಿ ಹಬ್ಬುತ್ತಾ ಬರುವ ಸಂಗತಿ. ಬೆಟ್ಟದ ಬೆಂಕಿಯ ನಡೆಯೇ ಬೇರೆ. ಜ್ವಾಲೆಯ ಶಾಖ ಮೇಲಕ್ಕೆ ಏರುತ್ತದೆಯಷ್ಟೆ? ಇಳಿಜಾರಿನಲ್ಲಿ ಮೇಲಿನ ಹುಲ್ಲು ಜ್ವಾಲೆಗೆ ತೀರ ಹತ್ತಿರವಿರುವುದರಿಂದ ಬೆಂಕಿ ತಾಗುವ ಮುನ್ನವೇ ಅದು ಕಾದು, ಇದ್ದಬದ್ದ ತೇವವನ್ನೂ ಕಳೆದುಕೊಂಡು, ಹೊತ್ತಿಕೊಳ್ಳಲು ಸಿದ್ಧವಾಗಿರುತ್ತದೆ. ಇಳಿಜಾರು ಪ್ರತಿ 10 ಡಿಗ್ರಿ ಹೆಚ್ಚಿದಂತೆ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ ಎಂಬುದು ಕಾಳ್ಗಿಚ್ಚು ತಜ್ಞರು ಬಳಸುವ ಸ್ಥೂಲ ಲೆಕ್ಕ. ಅಂದರೆ ಸಮತಟ್ಟಾದ ನೆಲಕ್ಕಿಂತ 20 ಡಿಗ್ರಿಯ ಏರಿನಲ್ಲಿ ಅದು ಸುಮಾರು ನಾಲ್ಕು ಪಟ್ಟು ವೇಗದಲ್ಲಿ ಮೇಲೇರುತ್ತದೆ. ಮನುಷ್ಯನ ಲೆಕ್ಕ ಇದಕ್ಕೆ ತದ್ವಿರುದ್ಧ. ಏರು ಕಡಿದಾದಷ್ಟೂ ಅವನ ಓಟ ನಿಧಾನವಾಗುತ್ತದೆ, ಉಸಿರು ಕಟ್ಟುತ್ತದೆ.

ಇದಕ್ಕೆ ಗಾಳಿಯೂ ಸೇರಿಕೊಳ್ಳುತ್ತದೆ. ಹಗಲಿನಲ್ಲಿ ಬೆಟ್ಟದ ಮೈ ಕಾದಂತೆ ಕಣಿವೆಯ ಗಾಳಿ ಮೇಲ್ಮುಖವಾಗಿ ಬೀಸುತ್ತದೆ. ಮಧ್ಯಾಹ್ನದ ವೇಳೆಗೆ ಇದರ ಬಿರುಸು ಹೆಚ್ಚು. ಕಿರಿದಾದ ಕೊರಕಲುಗಳಂತೂ ಹೊಗೆ ಕೊಳವೆಯಂತೆ ವರ್ತಿಸಿ ಬೆಂಕಿಯನ್ನು ಹೀರಿ ಮೇಲಕ್ಕೆ ಉಗುಳುತ್ತವೆ. ಕೆಳಗೆ ಬೆಂಕಿ, ಮೇಲೆ ಒಣ ಹುಲ್ಲು, ನಡುವೆ ಮನುಷ್ಯರು. ಇದಕ್ಕಿಂತ ಅಪಾಯದ ಸನ್ನಿವೇಶ ಬೆಟ್ಟದಲ್ಲಿ ಬೇರೊಂದಿಲ್ಲ.

ಇನ್ನು ಹುಲ್ಲಿನ ಸಂಗತಿ. ದೊಡ್ಡ ಮರಗಳಿರುವ ಕಾಡಿನಲ್ಲಿಯೇ ಬೆಂಕಿಯ ಭಯ ಹೆಚ್ಚು ಎಂದು ನಾವು ಭಾವಿಸುತ್ತೇವೆ. ವಾಸ್ತವದಲ್ಲಿ ಮರದ ದಿಮ್ಮಿ ಹೊತ್ತಲು ಸಮಯ ಬೇಕು. ಒಣ ಹುಲ್ಲಿಗೆ ಕ್ಷಣ ಸಾಕು. ಪಶ್ಚಿಮ ಘಟ್ಟದ ಎತ್ತರದ ಬೆಟ್ಟಗಳಲ್ಲಿ ಕೊರಕಲುಗಳಲ್ಲಿ ಮಾತ್ರ ದಟ್ಟವಾದ ಶೋಲಾ ಕಾಡಿದ್ದು, ಉಳಿದ ಮೈಯೆಲ್ಲ ಹುಲ್ಲುಗಾವಲು. ಮಳೆಗಾಲದಲ್ಲಿ ಹಸುರು ಹೊದ್ದು ಕಣ್ಮನ ಸೆಳೆಯುವ ಆ ಹುಲ್ಲೇ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ಒಣಗಿ ಹೊಂಬಣ್ಣಕ್ಕೆ ತಿರುಗುತ್ತದೆ. ಛಾಯಾಚಿತ್ರಕ್ಕೆ ಅದು ಸೊಗಸು. ಬೆಂಕಿಗೆ ಅದು ಆಹಾರ.

ಬೂದಿಯ ಮೇಲೆ ಮಲಗಿ ಬದುಕಿದವನು

ಹುಲ್ಲಿನ ಇಳಿಜಾರಿನಲ್ಲಿ ಬೆಂಕಿಯೊಡನೆ ಓಟಕ್ಕಿಳಿಯುವುದು ಎಷ್ಟು ವ್ಯರ್ಥ ಎಂಬುದಕ್ಕೆ ಜಗತ್ತಿಗೇ ಪಾಠವಾದ ಘಟನೆಯೊಂದಿದೆ. 1949ರ ಆಗಸ್ಟ್ 5ರಂದು ಅಮೆರಿಕದ ಮೊಂಟಾನಾ ಪ್ರಾಂತ್ಯದ ಮಾನ್ ಗಲ್ಚ್ ಎಂಬ ಕಣಿವೆಯಲ್ಲಿ, ವಿಮಾನದಿಂದ ಧುಮುಕಿ ಕಾಳ್ಗಿಚ್ಚು ನಂದಿಸುವ ತರಬೇತಾದ ಯುವಕರ ಪಡೆಯೊಂದು ಬೆಂಕಿಯ ಎದುರು ಸಿಲುಕಿತು. ಕೆಳಗಿನಿಂದ ಬೆಂಕಿ ಅಟ್ಟಿಸಿಕೊಂಡು ಬರುತ್ತಿತ್ತು. ಎಲ್ಲರೂ ಹುಲ್ಲಿನ ಏರಿನಲ್ಲಿ ಮೇಲಕ್ಕೆ ಓಡುತ್ತಿದ್ದರು. ಆಗ ಅವರ ನಾಯಕ ವ್ಯಾಗ್ನರ್ ಡಾಡ್ಜ್ ನಿಂತು, ತನ್ನ ಮುಂದಿನ ಹುಲ್ಲಿಗೆ ತಾನೇ ಕಡ್ಡಿ ಗೀರಿದ. ಆ ಹುಲ್ಲು ಉರಿದುಹೋದೊಡನೆ ಬೂದಿಯ ಮೇಲೆ ಬೋರಲು ಮಲಗಿದ. ತನ್ನ ಬಳಿಗೆ ಬರುವಂತೆ ಉಳಿದವರನ್ನು ಕರೆದ. ಯಾರೂ ಬರಲಿಲ್ಲ, ನಾಯಕನಿಗೆ ಮತಿಗೆಟ್ಟಿತೆಂದೇ ಅವರಿಗೆ ಅನಿಸಿರಬೇಕು. ಹಿಂದಿನಿಂದ ಬಂದ ದೊಡ್ಡ ಬೆಂಕಿಗೆ ಆ ಬೂದಿಯ ತುಂಡಿನಲ್ಲಿ ಉರಿಯಲು ಏನೂ ಉಳಿದಿರಲಿಲ್ಲ, ಅದು ಪಕ್ಕದಿಂದ ಹಾದುಹೋಯಿತು. ಡಾಡ್ಜ್ ಬದುಕಿದ. ಬಂಡೆಗಳ ಸಂದಿನಿಂದ ದಿಬ್ಬ ದಾಟಿದ ಇನ್ನಿಬ್ಬರೂ ಬದುಕುಳಿದರು. ಹದಿಮೂರು ಮಂದಿ ಸತ್ತರು.

ಸಾಮಾನ್ಯ ಚಾರಣಿಗರು ಹುಲ್ಲಿಗೆ ತಾವೇ ಬೆಂಕಿ ಹಚ್ಚಬೇಕೆಂದು ಇದರ ಅರ್ಥವಲ್ಲ. ಅದು ಅನುಭವಿಗಳಿಗೂ ಕೊನೆಯ ಅಸ್ತ್ರ. ಇದರಿಂದ ಗ್ರಹಿಸಬೇಕಾದ ತತ್ವ ಬೇರೆ. ಬೆಂಕಿಗೆ ಬೇಕಾದ ಆಹಾರ ಎಲ್ಲಿಲ್ಲವೋ ಅಲ್ಲಿಯೇ ಮನುಷ್ಯನಿಗೆ ರಕ್ಷಣೆ. ಬೋಳು ಬಂಡೆ, ನೀರಿರುವ ಹಳ್ಳ, ಅಗಲವಾದ ಮಣ್ಣಿನ ರಸ್ತೆ, ಅರಣ್ಯ ಇಲಾಖೆಯವರು ಮೊದಲೇ ಸುಟ್ಟು ನಿರ್ಮಿಸಿದ ಬೆಂಕಿ ರೇಖೆ, ಈಗಾಗಲೇ ಉರಿದು ತಣ್ಣಗಾದ ಕಪ್ಪು ನೆಲ, ಇವೆಲ್ಲ ಆಶ್ರಯ ತಾಣಗಳು. ಬೆಂಕಿ ಕೆಳಗಿದ್ದರೆ ನೇರವಾಗಿ ಮೇಲಕ್ಕೆ ಓಡದೆ, ಗಾಳಿ ಬೀಸುವ ದಿಕ್ಕನ್ನು ಗಮನಿಸಿ ಪಕ್ಕಕ್ಕೆ ಸರಿದು ಇಂತಹ ತಾಣ ಸೇರಬೇಕು. ಕೊರಕಲಿಗೆ ಇಳಿಯಬಾರದು. ಹೊಗೆ ಕವಿದರೆ ನೆಲಕ್ಕೆ ಹತ್ತಿರವಿದ್ದು ಉಸಿರಾಡಬೇಕು. ನೈಲಾನ್, ಪಾಲಿಯೆಸ್ಟರ್ ಬಟ್ಟೆಗಳು ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುವುದರಿಂದ ಮೈಮುಚ್ಚುವ ಹತ್ತಿಬಟ್ಟೆಯೇ ಲೇಸು. ಸುಟ್ಟಗಾಯಕ್ಕೆ ಇಪ್ಪತ್ತು ನಿಮಿಷವಾದರೂ ಶುದ್ಧವಾದ ತಣ್ಣೀರು ಸುರಿಯಬೇಕೇ ಹೊರತು ಟೂತ್‌ಪೇಸ್ಟ್, ಶಾಯಿ, ಎಣ್ಣೆ ಮೊದಲಾದವನ್ನು ಬಳಿಯಬಾರದು.

ಚೀಟಿಯಲ್ಲೊಂದು ದಾರಿ, ಕಾಲಡಿಯಲ್ಲೊಂದು ದಾರಿ

ಈ ತಿಳಿವಳಿಕೆಯೆಲ್ಲ ಕೊನೆಯ ಐದು ನಿಮಿಷಗಳಿಗೆ ಸಂಬಂಧಿಸಿದ್ದು. ಕುರಂಗಣಿಯ ದುರಂತ ಅದಕ್ಕಿಂತ ಬಹಳ ಮೊದಲೇ ಆರಂಭವಾಗಿತ್ತು. ಆ ಭಾಗದಲ್ಲಿ ಚಾರಣಕ್ಕೆ ಅವಕಾಶವಿದ್ದುದು ಕುರಂಗಣಿಯಿಂದ ಟಾಪ್ ಸ್ಟೇಷನ್‌ವರೆಗಿನ ದಾರಿಯಲ್ಲಿ ಮಾತ್ರ, ಕೊಳುಕ್ಕುಮಲೈ ದಾರಿಗೆ ಅನುಮತಿ ಇರಲಿಲ್ಲ ಎಂದು ದುರಂತದ ಬಳಿಕ ಅರಣ್ಯಾಧಿಕಾರಿಗಳು ತಿಳಿಸಿದರು. ಪೊಲೀಸರು ಪ್ರಕರಣ ದಾಖಲಿಸಿದರು. ಅರಣ್ಯ ಇಲಾಖೆಯ ವಲಯಾಧಿಕಾರಿಯೊಬ್ಬರು ಅಮಾನತುಗೊಂಡರು. ತಮಿಳುನಾಡು ಸರ್ಕಾರ ಹಿರಿಯ ಐಎಎಸ್ ಅಧಿಕಾರಿ ಅತುಲ್ಯ ಮಿಶ್ರ ಅವರನ್ನು ವಿಚಾರಣೆಗೆ ನೇಮಿಸಿತು.

ಅನುಮತಿ ಚೀಟಿಯನ್ನು ನಾವು ಸರ್ಕಾರಿ ಕಿರುಕುಳವೆಂದೇ ಭಾವಿಸುತ್ತೇವೆ. ಅದರಲ್ಲಿ ಬರೆಯುವ ಹೆಸರು, ಸಂಖ್ಯೆ, ದಾರಿ, ಮರಳುವ ವೇಳೆ, ಇವು ಶುಲ್ಕ ವಸೂಲಿಯ ನೆಪಗಳೆಂದು ತಿಳಿದವರೇ ಹೆಚ್ಚು. ಆದರೆ ಸಂಜೆಯಾದರೂ ತಂಡ ಇಳಿದು ಬಾರದಿದ್ದಾಗ ಹುಡುಕುವವರ ಕೈಯಲ್ಲಿರುವ ಏಕೈಕ ನಕ್ಷೆ ಆ ಚೀಟಿ. ಚೀಟಿಯಲ್ಲಿ ಬರೆದ ದಾರಿಯನ್ನು ಬಿಟ್ಟು ಬೇರೆ ದಾರಿ ಹಿಡಿದ ಕ್ಷಣದಿಂದ ತಂಡವು ಅಧಿಕೃತವಾಗಿ ಎಲ್ಲಿಯೂ ಇಲ್ಲದಂತಾಗುತ್ತದೆ. ಇಷ್ಟಲ್ಲದೆ ಬೇಸಿಗೆಯಲ್ಲಿ ಇಲಾಖೆ ಒಂದು ದಾರಿಯನ್ನು ಮುಚ್ಚಿದೆಯೆಂದರೆ ಅಲ್ಲಿ ಹುಲ್ಲು ಒಣಗಿದೆ ಎಂಬ ಮುನ್ಸೂಚನೆಯೂ ಅದರಲ್ಲಿ ಅಡಗಿರುತ್ತದೆ.

ದುರಂತದ ಬಳಿಕ ತಮಿಳುನಾಡು 2018ರಲ್ಲಿಯೇ ಚಾರಣವನ್ನು ನಿಯಂತ್ರಿಸುವ ನಿಯಮಗಳನ್ನು ರೂಪಿಸಿತು. 2024ರ ಅಕ್ಟೋಬರ್‌ನಲ್ಲಿ ಸರ್ಕಾರವೇ 40 ದಾರಿಗಳನ್ನು ಗುರುತಿಸಿ, ಅವನ್ನು ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸಿ, ಸ್ಥಳೀಯ ಮಾರ್ಗದರ್ಶಿಗಳೊಡನೆ ಚಾರಣ ಏರ್ಪಡಿಸುವ ಯೋಜನೆಯನ್ನು ಆರಂಭಿಸಿತು. 2025ರಲ್ಲಿ ಫೆಬ್ರುವರಿ 15ರಿಂದ ಏಪ್ರಿಲ್ 15ರವರೆಗೆ, ಅಂದರೆ ಕಾಳ್ಗಿಚ್ಚಿನ ಕಾಲದಲ್ಲಿ, ಆ ದಾರಿಗಳನ್ನು ಮುಚ್ಚಲಾಯಿತು. ಕುರಂಗಣಿಯ ದುರಂತ ಸಂಭವಿಸಿದ ದಿನಾಂಕವೂ ಇದೇ ಅವಧಿಯೊಳಗೆ ಬರುತ್ತದೆ.

ನಮ್ಮ ಬೆಟ್ಟಗಳೂ ಭಿನ್ನವಲ್ಲ

ಕುರಂಗಣಿ ನೆರೆ ರಾಜ್ಯದ್ದೆಂದು ನಾವು ನಿಶ್ಚಿಂತರಾಗುವಂತಿಲ್ಲ. ಕುದುರೆಮುಖ, ಬಾಬಾಬುಡನ್‌ಗಿರಿ, ಕುಮಾರಪರ್ವತ, ಬ್ರಹ್ಮಗಿರಿ, ಎಲ್ಲೆಲ್ಲಿಯೂ ಅದೇ ಶೋಲಾ, ಅದೇ ಹುಲ್ಲುಗಾವಲು. ಬಂಡೀಪುರದಲ್ಲಿ 2017ರ ಫೆಬ್ರುವರಿಯಲ್ಲಿ ಬೆಂಕಿ ನಂದಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಬಲಿಯಾದರು. ಕಾಡಿನ ಮೂಲೆಮೂಲೆಯನ್ನೂ ಬಲ್ಲ, ಬೆಂಕಿಯೊಡನೆ ಸೆಣಸುವುದೇ ಕರ್ತವ್ಯವಾದ ಸಿಬ್ಬಂದಿಯ ಪಾಡೇ ಹೀಗಾದರೆ, ಮೊದಲ ಬಾರಿಗೆ ಬೆಟ್ಟ ಹತ್ತುವ ಕಾಲೇಜು ಹುಡುಗರ ಗತಿಯೇನು? 2019ರ ಫೆಬ್ರುವರಿಯಲ್ಲಿ ಅದೇ ಬಂಡೀಪುರದ ಗೋಪಾಲಸ್ವಾಮಿ ಬೆಟ್ಟದ ಆಸುಪಾಸು ಮತ್ತೆ ಹೊತ್ತಿ ಉರಿಯಿತು.

2024ರ ಜನವರಿಯ ಕೊನೆಯಲ್ಲಿ, ಗಣರಾಜ್ಯೋತ್ಸವದ ರಜೆಗೆ ಕುಮಾರಪರ್ವತದ ತಪ್ಪಲಿನಲ್ಲಿ ನೆರೆದ ಜನಸಾಗರದ ದೃಶ್ಯಗಳನ್ನು ನೋಡಿ ರಾಜ್ಯವೇ ಬೆರಗಾಯಿತು. ಜಾತ್ರೆಯಂತೆ ಸಾಲುಗಟ್ಟಿ ನಿಂತಿದ್ದವರಲ್ಲಿ ಬಹುಪಾಲು ಯುವಜನರೇ. ಅರಣ್ಯ ಸಚಿವ ಈಶ್ವರ ಖಂಡ್ರೆ ಅವರು ಆನ್‌ಲೈನ್ ಕಾಯ್ದಿರಿಸುವಿಕೆ ಇಲ್ಲದ ಚಾರಣ ಪಥಗಳಲ್ಲಿ ಚಾರಣವನ್ನು ತಾತ್ಕಾಲಿಕವಾಗಿ ನಿಷೇಧಿಸಿದರು. ಬಳಿಕ ಅದೇ ವರ್ಷ ‘ಅರಣ್ಯ ವಿಹಾರ’ ಜಾಲತಾಣದ ಮೂಲಕ ಟಿಕೆಟ್ ನೀಡುವ, ಒಂದು ಪಥಕ್ಕೆ ದಿನಕ್ಕೆ 300 ಮಂದಿಯ ಮಿತಿ ವಿಧಿಸುವ ವ್ಯವಸ್ಥೆ ಜಾರಿಗೆ ಬಂದಿತು. ಮಿತಿಯ ಬಗ್ಗೆ ಗೊಣಗುವವರು ಒಂದು ಕ್ಷಣ ಯೋಚಿಸಬೇಕು. ಒಂದೇ ಕಾಲುದಾರಿಯ ಹುಲ್ಲಿನ ದಿಬ್ಬದ ಮೇಲೆ ಸಾವಿರ ಜನರಿರುವಾಗ ಕೆಳಗೆ ಒಂದು ಬೀಡಿಯ ತುಂಡು ಬಿದ್ದರೆ ಯಾರು ಎತ್ತ ಓಡಬೇಕು?

ಭಾರತದ ಕಾಡುಗಳಲ್ಲಿ ಹೊತ್ತುವ ಬೆಂಕಿಯ ಬಹುಪಾಲು ಮನುಷ್ಯನ ಕೈಯಿಂದಲೇ ಆದದ್ದು ಎಂಬುದನ್ನು ಇಲ್ಲಿ ನೆನೆಯಬೇಕು. ಚಾರಣಿಗರು ಬೆಂಕಿಗೆ ತುತ್ತಾಗುವವರು ಮಾತ್ರವಲ್ಲ. ಅಡುಗೆಗೆ ಹೂಡಿದ ಒಲೆ, ರಾತ್ರಿಯ ಶಿಬಿರಾಗ್ನಿ, ಆರಿಸದೆ ಎಸೆದ ಸಿಗರೇಟು, ಇವುಗಳಿಂದ ಬೆಂಕಿಗೆ ಕಾರಣರಾಗುವವರೂ ಹೌದು. ವನ್ಯಜೀವಿಧಾಮದೊಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು, ಬೆಂಕಿ ಹಚ್ಚುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ.

ತಂಡ ಒಡೆದಾಗ

ಬೆಂಕಿಯಿಲ್ಲದ ಚಾರಣವೂ ದಾರಿ ತಪ್ಪುತ್ತದೆ. 2019ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಕುಮಾರಪರ್ವತಕ್ಕೆ ಬಂದಿದ್ದ 12 ಮಂದಿಯ ತಂಡದಲ್ಲಿ ಒಬ್ಬ ಯುವಕ ಇಳಿಯುವಾಗ ಬೇರ್ಪಟ್ಟು ಕಾಣೆಯಾದ. ಎರಡು ದಿನಗಳ ಬಳಿಕ, ಕಾಡಿನಲ್ಲಿ ಹಾದುಹೋಗಿದ್ದ ನೀರಿನ ಪೈಪನ್ನೇ ಅನುಸರಿಸಿ ಆತ ಸುಬ್ರಹ್ಮಣ್ಯ ತಲುಪಿದ. 2022ರ ಫೆಬ್ರುವರಿಯಲ್ಲಿ ಕೇರಳದ ಪಾಲಕ್ಕಾಡ್ ಸಮೀಪದ ಚೇರಾಡ್ ಬೆಟ್ಟಕ್ಕೆ ಗೆಳೆಯರೊಡನೆ ಹತ್ತಿದ ಯುವಕನೊಬ್ಬ ಜಾರಿ ಬಂಡೆಯ ಸಂದಿನಲ್ಲಿ ಸಿಲುಕಿ 40 ಗಂಟೆಗೂ ಮೀರಿ ಅನ್ನ ನೀರಿಲ್ಲದೆ ಕುಳಿತಿದ್ದ. ಬೆಂಗಳೂರು ಹಾಗೂ ವೆಲ್ಲಿಂಗ್ಟನ್‌ನಿಂದ ಬಂದ ಸೇನಾ ತಂಡಗಳು ಆತನನ್ನು ಹಗ್ಗದ ನೆರವಿನಿಂದ ಮೇಲೆತ್ತಿದವು. ಅದೇ ತಿಂಗಳ 20ರಂದು ನಂದಿಬೆಟ್ಟದ ಬಳಿಯ ಬಂಡೆಯಿಂದ ಸುಮಾರು 300 ಅಡಿ ಕೆಳಕ್ಕೆ ಜಾರಿದ 19 ವರ್ಷದ ಎಂಜಿನಿಯರಿಂಗ್ ವಿದ್ಯಾರ್ಥಿಯನ್ನು ಯಲಹಂಕದಿಂದ ಬಂದ ವಾಯುಪಡೆಯ ಹೆಲಿಕಾಪ್ಟರ್ ಮೇಲೆತ್ತಿತು.

ಈ ಮೂವರೂ ಬದುಕುಳಿದರು. ಅದೃಷ್ಟದ ಪಾಲು ಇರಬಹುದು. ಆದರೆ ಪಾಲಕ್ಕಾಡಿನ ಯುವಕ ಇದ್ದಲ್ಲಿಯೇ ಅಲುಗದೆ ಕುಳಿತಿದ್ದ. ಆತ ಎಲ್ಲಿದ್ದಾನೆಂಬುದು ಕೆಳಗಿನವರಿಗೆ ತಿಳಿದಿತ್ತು. ನಂದಿಬೆಟ್ಟದ ವಿದ್ಯಾರ್ಥಿಯ ಸ್ಥಳವೂ ಬೇಗನೆ ಪತ್ತೆಯಾಯಿತು. ಕುಮಾರಪರ್ವತದ ಯುವಕನಿಗೆ ಊರಿಗೆ ಇಳಿಯುವ ಖಚಿತವಾದ ಗುರುತೊಂದು ಸಿಕ್ಕಿತು. ದಾರಿ ತಪ್ಪಿದವನಿಗೆ ಹಳೆಯ ಮಲೆನಾಡಿಗರು ಹೇಳುವ ಮಾತೂ ಇದೇ: ದಿಕ್ಕುಗೆಟ್ಟಾಗ ಅಲೆಯಬೇಡ, ಗುರುತು ಸಿಗುವವರೆಗೆ ನಿಲ್ಲು.

ನಾಯಕ ಯಾರು?

ವಿದ್ಯಾರ್ಥಿ ತಂಡಗಳಿಗೆ ಅವುಗಳದೇ ಆದ ಒಂದು ದೌರ್ಬಲ್ಯವಿದೆ. ಅಲ್ಲಿ ಎಲ್ಲರೂ ಗೆಳೆಯರು. ಗೆಳೆತನದಲ್ಲಿ ಯಾರೂ ಯಾರಿಗೂ ಅಪ್ಪಣೆ ಮಾಡುವುದಿಲ್ಲ. ‘ಇಲ್ಲಿಂದ ಹಿಂದಿರುಗೋಣ’ ಎನ್ನುವವನು ಪುಕ್ಕಲನೆನಿಸಿಕೊಳ್ಳುತ್ತಾನೆ. ರಾತ್ರಿಯಿಡೀ ಬಸ್ಸಿನಲ್ಲಿ ಬಂದಾಗಿದೆ, ಹಣ ಖರ್ಚಾಗಿದೆ, ಸೋಮವಾರ ಪರೀಕ್ಷೆಯಿದೆ. ಹೀಗಾಗಿ ತಡವಾಗಿ ಹೊರಟರೂ ಶಿಖರ ಮುಟ್ಟಲೇಬೇಕು, ಬೇಗ ಇಳಿಯಲು ಅಡ್ಡದಾರಿ ಹಿಡಿಯಲೇಬೇಕು. ಚುರುಕಾಗಿ ನಡೆಯುವವರು ಮುಂದೆ ಹೋಗುತ್ತಾರೆ, ದಣಿದವರು ಹಿಂದುಳಿಯುತ್ತಾರೆ, ತಂಡ ತಾನಾಗಿಯೇ ಎರಡಾಗುತ್ತದೆ. ಇವುಗಳಲ್ಲಿ ಯಾವುದೂ ಪ್ರತ್ಯೇಕವಾಗಿ ದೊಡ್ಡ ತಪ್ಪಲ್ಲ. ಎಲ್ಲವೂ ಒಂದೇ ದಿನ, ಒಂದೇ ಇಳಿಜಾರಿನಲ್ಲಿ ಕೂಡಿಬಂದಾಗ ದುರಂತವಾಗುತ್ತದೆ.

ಆದ್ದರಿಂದ ಹೊರಡುವ ಮುನ್ನವೇ ಒಬ್ಬರನ್ನು ನಾಯಕರೆಂದು ಒಪ್ಪಿಕೊಳ್ಳಬೇಕು. ಹಿಂದಿರುಗುವ ನಿರ್ಧಾರ ಅವರದೇ ಎಂದೂ, ಅದನ್ನು ಯಾರೂ ಹಾಸ್ಯ ಮಾಡಬಾರದೆಂದೂ ಮಾತಾಗಬೇಕು. ಸಾಲಿನ ಮುಂದೊಬ್ಬರು, ಕೊನೆಯಲ್ಲೊಬ್ಬರು ಅನುಭವಿಗಳಿರಬೇಕು. ಆಗಾಗ ತಲೆ ಎಣಿಸಬೇಕು. ‘ಎಷ್ಟು ಹೊತ್ತಾದರೂ ಶಿಖರಕ್ಕೆ’ ಎಂಬ ಹಟದ ಬದಲು ‘ಇಷ್ಟು ಗಂಟೆಗೆ ಎಲ್ಲಿದ್ದರೂ ಹಿಂದಕ್ಕೆ’ ಎಂಬ ಕಟ್ಟುನಿಟ್ಟು ಇರಬೇಕು.

ಪಾಲಕರೂ ಕಾಲೇಜುಗಳೂ ಕೇಳಬೇಕಾದ ಪ್ರಶ್ನೆಗಳು

ಮಕ್ಕಳನ್ನು ಬೆಟ್ಟಕ್ಕೆ ಕಳುಹಿಸಬೇಡಿ ಎನ್ನುವುದು ಈ ಲೇಖನದ ಆಶಯವಲ್ಲ. ಕಾಡನ್ನು ಕಣ್ಣಾರೆ ಕಂಡವರೇ ನಾಳೆ ಕಾಡಿನ ಪರವಾಗಿ ನಿಲ್ಲುವವರು. ಕೋಣೆಯೊಳಗೆ ಕುಳಿತು ಮೊಬೈಲ್ ನೋಡುವ ತಾರುಣ್ಯಕ್ಕಿಂತ ಬೆಟ್ಟ ಹತ್ತಿ ಬೆವರುವ ತಾರುಣ್ಯ ಮೇಲು. ಆದರೆ ಹೊರಡುವವರನ್ನು ತಡೆಯದೆ, ಕೆಲವು ಪ್ರಶ್ನೆಗಳನ್ನಂತೂ ಕೇಳಲೇಬೇಕು. ಯಾವ ದಾರಿ? ಅದಕ್ಕೆ ಅನುಮತಿ ಇದೆಯೇ, ಅದರ ಪ್ರತಿ ಮನೆಯಲ್ಲೊಂದು ಇದೆಯೇ? ಸ್ಥಳೀಯ ಮಾರ್ಗದರ್ಶಿ ಜೊತೆಗಿರುವರೇ? ಎಷ್ಟು ಮಂದಿ, ಅವರ ಮನೆಯವರ ದೂರವಾಣಿ ಸಂಖ್ಯೆ ಯಾರ ಬಳಿ ಇದೆ? ಮರಳುವುದು ಎಷ್ಟು ಗಂಟೆಗೆ, ಆ ಹೊತ್ತಿಗೆ ಕರೆ ಬಾರದಿದ್ದರೆ 112ಕ್ಕೆ ದೂರು ನೀಡುವವರು ಯಾರು? ಹುಲ್ಲು ಒಣಗಿರುವ ಕಾಲವೋ, ಹಸುರಿನ ಕಾಲವೋ?

ಕೊನೆಯ ಪ್ರಶ್ನೆಗೆ ಉತ್ತರ ಹುಡುಕಲು ಇಂದು ನೆರವಿದೆ. ಡೆಹ್ರಾಡೂನಿನ ಭಾರತೀಯ ಅರಣ್ಯ ಸರ್ವೇಕ್ಷಣಾ ಸಂಸ್ಥೆಯು ಉಪಗ್ರಹಗಳು ಗುರುತಿಸುವ ಬೆಂಕಿಯ ತಾಣಗಳನ್ನು ಅರಣ್ಯ ಇಲಾಖೆಗಳಿಗೆ ತಿಳಿಸುತ್ತದೆ. ಸಾರ್ವಜನಿಕರೂ ಹೆಸರು ನೋಂದಾಯಿಸಿ ತಮಗೆ ಬೇಕಾದ ಪ್ರದೇಶದ ಎಚ್ಚರಿಕೆ ಪಡೆಯಬಹುದು. ಅದಕ್ಕಿಂತಲೂ ಸುಲಭವಾದದ್ದು ವಲಯ ಅರಣ್ಯ ಕಚೇರಿಗೆ ಒಂದು ಕರೆ. ಹಿಂದಿನ ದಿನ ಬೆಟ್ಟದ ಮೇಲೆ ಹೊಗೆ ಕಂಡಿತ್ತೇ ಎಂಬುದನ್ನು ಅಲ್ಲಿನ ವಾಚರ್ ಒಬ್ಬರು ಒಂದೇ ಮಾತಿನಲ್ಲಿ ಹೇಳಬಲ್ಲರು.

ಕುರಂಗಣಿಯಲ್ಲಿ ಅಸುನೀಗಿದವರಲ್ಲಿ ಹೆಚ್ಚಿನವರು ದಾರಿಯನ್ನು ತಾವು ಆರಿಸಿದವರಲ್ಲ. ಆಯೋಜಕರನ್ನು ನಂಬಿ, ಮುಂದಿನವರ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ನಡೆದವರು. ನಂಬುವುದು ತಪ್ಪಲ್ಲ. ಆದರೆ ಬೆನ್ನಿಗೆ ಚೀಲ ಏರಿಸುವ ಮುನ್ನ ‘ಈ ದಾರಿಗೆ ಅನುಮತಿ ಇದೆಯೇ, ಹುಲ್ಲು ಒಣಗಿದೆಯೇ, ನಾವೆಲ್ಲಿರುತ್ತೇವೆಂದು ಕೆಳಗೆ ಯಾರಿಗೆ ಗೊತ್ತು’ ಎಂದು ಕೇಳುವ ಹಕ್ಕು ಸಾಲಿನ ಕೊನೆಯಲ್ಲಿ ನಡೆಯುವವರಿಗೂ ಇದೆ. ಮುಂದಿನ ಶನಿವಾರ ಮೆಜೆಸ್ಟಿಕ್‌ನಲ್ಲಿ ರಾತ್ರಿ ಬಸ್ಸು ಹತ್ತುವ ವಿದ್ಯಾರ್ಥಿಗಳ ಗುಂಪಿನಲ್ಲಿ ಒಬ್ಬರಾದರೂ ಈ ಪ್ರಶ್ನೆ ಕೇಳಿದರೆ ಅಷ್ಟರಮಟ್ಟಿಗೆ ಕುರಂಗಣಿಯ ಪಾಠ ನಮಗೆ ತಲುಪಿದಂತೆ.